ಇದೊಂದು ಕ್ರಿಸ್‌ಮಸ್‌ಗೆ ಬಂದು ಹೋಗಿ

ಮಕ್ಕಳು ಮೂವರೂ ಕೊನೆಯದಾಗಿ ಒಂದು ಕ್ರಿಸ್‌ಮಸ್‌ಗೆ ಊರಿಗೆ ಬರಬೇಕು. ಜೊನಾಥನ್ ಫ್ರಾನ್ಜೆನ್ ಅವರ ‘ದಿ ಕರೆಕ್ಷನ್ಸ್’ (2001) ಕಾದಂಬರಿಯಲ್ಲಿ ಎನಿಡ್ ಅನ್ನೋ ಅಮ್ಮನ ಆಸೆ ಇಷ್ಟೇ. ಅಷ್ಟಕ್ಕೇ ಐನೂರು ಚಿಲ್ಲರೆ ಪುಟಗಳ ರಾದ್ಧಾಂತ!

ಗಂಡ ಆಲ್‌ಫ್ರೆಡ್ ರೈಲ್ವೆಯಲ್ಲಿದ್ದ ಎಂಜಿನಿಯರ್. ಪಾರ್ಕಿನ್‌ಸನ್ ಬಂದಿದೆ, ಬುದ್ಧಿಯೂ ಮಂಕಾಗ್ತಿದೆ, ಹಠ ಮಾತ್ರ ಹಾಗೇ ಇದೆ. ಹಿರಿಮಗ ಗ್ಯಾರಿ ಬ್ಯಾಂಕ್ ಅಧಿಕಾರಿ. ಎರಡನೆಯವನು ಚಿಪ್, ವಿದ್ಯಾರ್ಥಿನಿಯ ಜೊತೆ ಸಂಬಂಧ ಇಟ್ಕೊಂಡು ಕಾಲೇಜಿನ ಕೆಲಸ ಕಳಕೊಂಡವನು. ತಂಗಿ ಡೆನಿಸ್ ಹತ್ತಿರ ಸಾಲ ಮಾಡಿ, ಕೊನೆಗೆ ಲಿಥುವೇನಿಯಾಗೆ ಹೋಗಿ ಇಂಟರ್‌ನೆಟ್ ವಂಚನೆಗೆ ಕೈಹಾಕ್ತಾನೆ. ಡೆನಿಸ್ ಒಳ್ಳೆ ಶೆಫ್. ಅವಳ ಬದುಕೂ ಕಲಸುಮೇಲೋಗರವೇ.

‘ಅಮೆರಿಕದವರು ಅಪ್ಪ-ಅಮ್ಮನ್ನ ನೋಡ್ಕೊಳ್ಳಲ್ಲ ಬಿಡ್ರೀ’ ಅಂತ ನಾವು ಸಲೀಸಾಗಿ ಹೇಳಿಬಿಡ್ತೀವಲ್ಲ, ಅಂಥವರು ಗ್ಯಾರಿಯ ಅಧ್ಯಾಯ ಓದಬೇಕು. ಅವನಿಗೆ ಕರ್ತವ್ಯಪ್ರಜ್ಞೆ ಬೇಕಾದಷ್ಟಿದೆ. ಆದರೆ ಹೆಂಡತಿ ಕ್ಯಾರೊಲಿನ್ ಅತ್ತೆಮನೆಗೆ ಬರಲ್ಲ ಅಂತಾಳೆ. ಇಬ್ಬರ ನಡುವೆ ಯುದ್ಧವೇ ನಡೆದು ಅವನು ಒಬ್ಬನೇ ಊರಿಗೆ ಬರ್ತಾನೆ. ಬಂದವನು ಅಪ್ಪನ ಕಾಯಿಲೆ ಬಗ್ಗೆ, ಮನೆ ಮಾರೋದರ ಬಗ್ಗೆ ಹೇಳೋದೆಲ್ಲ ಬಹುಮಟ್ಟಿಗೆ ಸರಿ. ಆದರೆ ಹೇಳೋ ರೀತಿ ಇದೆಯಲ್ಲ, ಲೆಕ್ಕಪರಿಶೋಧನೆಗೆ ಬಂದವನ ಥರ. ಸಿಟ್ಟು ಮಾಡ್ಕೊಂಡು ಹೊರಟೂ ಹೋಗ್ತಾನೆ.

ಉಳಿಯೋದು ಯಾರು ಗೊತ್ತಾ? ದಾರಿಯಲ್ಲಿ ಎಲ್ಲ ಕಳಕೊಂಡು, ಕ್ರಿಸ್‌ಮಸ್ ಬೆಳಗ್ಗೆ ಖಾಲಿ ಕೈಯಲ್ಲಿ ಬಾಗಿಲು ತಟ್ಟಿದ ಚಿಪ್! ಅವನೇನೂ ರಾತ್ರೋರಾತ್ರಿ ಸುಪುತ್ರ ಆಗಿಲ್ಲ. ಹೋಗೋಕೆ ಬೇರೆ ಜಾಗ ಇರಲಿಲ್ಲ, ಅಷ್ಟೇ. ಆದರೂ ಅವನನ್ನ ನೋಡಿದಾಗಲೇ ಅಪ್ಪನ ಮುಖ ಅರಳೋದು.

ನನ್ನನ್ನ ಹಿಡಿದು ನಿಲ್ಲಿಸಿದ್ದು ಮಾತ್ರ ಡೆನಿಸ್‌ಗೆ ತಡವಾಗಿ ತಿಳಿಯೋ ಒಂದು ಸಂಗತಿ. ಅವಳು ಹುಡುಗಿಯಾಗಿದ್ದಾಗ ಅಪ್ಪನ ಆಫೀಸಿನಲ್ಲಿ ರಜೆ ಕೆಲಸಕ್ಕೆ ಹೋಗಿ, ಅಲ್ಲಿನ ಮದುವೆಯಾದ ನೌಕರನೊಬ್ಬನ ಜೊತೆ ಸಂಬಂಧ ಬೆಳೆಸಿದ್ದಳು. ಅವನು ಅದನ್ನೇ ಹಿಡಿದು ಆಲ್‌ಫ್ರೆಡ್‌ಗೆ ಬೆದರಿಕೆ ಹಾಕಿದ. ಆಲ್‌ಫ್ರೆಡ್ ಬಗ್ಗಲಿಲ್ಲ; ಪೂರ್ತಿ ಪಿಂಚಣಿಗೆ ಕೆಲವೇ ವಾರ ಬಾಕಿ ಇರುವಾಗ ರಾಜೀನಾಮೆ ಕೊಟ್ಟ. ಮಗಳಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಆ ದುಡ್ಡು ಯಾಕೆ ಬಿಟ್ಟೆ ಅಂತ ಎನಿಡ್ ವರ್ಷಗಟ್ಟಲೆ ಅವನನ್ನ ದೂರುತ್ತಲೇ ಇದ್ದಳು, ಅವನು ಸುಮ್ಮನಿದ್ದ.

ಈ ತ್ಯಾಗ ದೊಡ್ಡದೇ, ಒಪ್ಪೋಣ. ಆದರೆ ಆ ಮೌನದ ಬಿಲ್ ಕಟ್ಟಿದ್ದು ಎನಿಡ್ ಅಲ್ವಾ? ಗಂಡ ನರ್ಸಿಂಗ್ ಹೋಮ್ ಸೇರಿದ ಮೇಲೆ ಅವಳು ದಿನಾ ಹೋಗ್ತಾಳೆ. ಪಕ್ಕದಲ್ಲಿ ಕೂತು, ನೀನು ಎಲ್ಲೆಲ್ಲಿ ತಪ್ಪು ಮಾಡಿದೆ ಅಂತ ಒಂದೊಂದಾಗಿ ಹೇಳ್ತಾಳೆ. ಒಂದು ದಿನವೂ ತಪ್ಪಿಸಲ್ಲ.