ಕೂಡಿ ಕಟ್ಟಿದ ವಿಮಾನ

ಬೆಂಗಳೂರಿನ ಹಲಸೂರು ಕೆರೆಯ ಸಮೀಪದಲ್ಲಿ ಜೋಗುಪಾಳ್ಯವೆಂಬ ಹಳೆಯ ಬಡಾವಣೆಯಿದೆ. ಅಲ್ಲಿಂದ ಹಳೆಯ ಮದರಾಸು ರಸ್ತೆಯಲ್ಲಿ ಪೂರ್ವಕ್ಕೆ ಕೆಲವು ಕಿಲೋಮೀಟರು ಸಾಗಿದರೆ ಬಲಗಡೆಗೆ ಸುರಂಜನ್ ದಾಸ್ ರಸ್ತೆ ಹೊರಳುತ್ತದೆ. 1961ರ ಜೂನ್ ತಿಂಗಳಲ್ಲಿ ‘ಮಾರುತ’ ಯುದ್ಧವಿಮಾನವನ್ನು ಮೊತ್ತಮೊದಲು ಆಕಾಶಕ್ಕೇರಿಸಿ, 1970ರಲ್ಲಿ ಅದರದೇ ಪರೀಕ್ಷಾ ಹಾರಾಟದಲ್ಲಿ ಪ್ರಾಣತೆತ್ತ ವೈಮಾನಿಕರ ಹೆಸರು ಅದು. ಅವರಿಗೆ ಸಂದ ಗೌರವ ಯೋಗ್ಯವೇ ಆಗಿದೆ. ಆದರೆ ರಸ್ತೆಗೆ ಒಬ್ಬರ ಹೆಸರನ್ನು ಇಡಬಹುದೇ ಹೊರತು ವಿಮಾನವನ್ನು ಒಬ್ಬರೇ ಕಟ್ಟಲಾಗದು.

ಹೊಸದನ್ನು ಸೃಷ್ಟಿಸುವುದು ಏಕಾಂಗಿ ಪ್ರತಿಭಾವಂತನ ಕೆಲಸವೆಂಬ ಭಾವನೆ ಜನರಲ್ಲಿ ಬೇರೂರಿದೆ. ಕಲ್ಪನೆಯೊಂದು ಒಬ್ಬರ ಮನಸ್ಸಿನಲ್ಲಿ ಮೊಳೆಯಬಹುದು. ಅದು ಫಲ ಕೊಡಬೇಕಾದರೆ ಹಲವರ ಬುದ್ಧಿ ಮತ್ತು ಶ್ರಮ ಒಂದುಗೂಡಬೇಕು. ಮಾರುತದ ಕಥೆಯೇ ಇದಕ್ಕೆ ಸಾಕ್ಷಿ.

ಬೆಂಗಳೂರಿನಲ್ಲಿ 1940ರಲ್ಲಿ ಸ್ಥಾಪನೆಯಾದ ವಿಮಾನ ಕಾರ್ಖಾನೆಯೇ ಇಂದಿನ ಎಚ್.ಎ.ಎಲ್. ಜರ್ಮನಿಯ ಖ್ಯಾತ ವಿನ್ಯಾಸಕಾರ ಕರ್ಟ್ ಟ್ಯಾಂಕ್ 1956ರಲ್ಲಿ ಅಲ್ಲಿಗೆ ಬಂದರು. ಅವರೂ ಅವರ ಸಂಗಡಿಗರೂ ಭಾರತೀಯ ಎಂಜಿನಿಯರರೊಡನೆ ಕೂಡಿ ದುಡಿದರು. ಲೋಹದ ವಿಮಾನಕ್ಕೆ ಮುನ್ನ ಅದೇ ಅಳತೆಯ ಮರದ ಗ್ಲೈಡರೊಂದನ್ನು ನಿರ್ಮಿಸಲಾಯಿತು. 1959ರಲ್ಲಿ ಡಕೋಟ ವಿಮಾನವು ಅದನ್ನು ಎಳೆದೊಯ್ದು ಬಾನಿನಲ್ಲಿ ಬಿಟ್ಟಿತು. ಕಾಗದದ ಮೇಲಿನ ಲೆಕ್ಕವನ್ನು ಗಾಳಿಯಲ್ಲಿ ಒರೆಗೆ ಹಚ್ಚುವ ಉಪಾಯವಿದು. ವೈಮಾನಿಕನ ಅನುಭವ ವಿನ್ಯಾಸಕಾರನಿಗೆ ತಲುಪದಿದ್ದರೆ, ವಿನ್ಯಾಸಕಾರನ ಆಶಯ ಕೆಲಸಗಾರನಿಗೆ ತಿಳಿಯದಿದ್ದರೆ, ಇಂತಹ ಪರೀಕ್ಷೆ ವ್ಯರ್ಥವೇ ಸರಿ. ಐದು ವರ್ಷಗಳೊಳಗೆ ಮಾರುತ ಹಾರಿತೆಂಬುದು ಈ ಸಹಕಾರದ ಫಲ.

ಅದರ ಕೊರತೆಯೂ ಅಷ್ಟೇ ಬೋಧಪ್ರದವಾದುದು. ವಿಮಾನಕ್ಕೆಂದು ಎಣಿಸಿದ್ದ ಪ್ರಬಲವಾದ ಬ್ರಿಟಿಷ್ ಎಂಜಿನ್ನಿನ ಅಭಿವೃದ್ಧಿ ನಡುವೆಯೇ ನಿಂತಿತು. ಅದರ ವೆಚ್ಚವನ್ನು ಹೊರಲು ಯಾರೂ ಮುಂದಾಗಲಿಲ್ಲ. ಕಡಿಮೆ ಶಕ್ತಿಯ ಎಂಜಿನ್ನನ್ನೇ ಅಳವಡಿಸಬೇಕಾಯಿತು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಮಾರುತ ಸಮರ್ಥವಾಗಿ ಸೇವೆ ಸಲ್ಲಿಸಿದರೂ ಬಯಸಿದ ವೇಗವನ್ನು ಅದು ಮುಟ್ಟಲಿಲ್ಲ. ಕಾರ್ಖಾನೆಯ ಗೋಡೆಯೊಳಗಿನ ಸಹಕಾರ ಗೋಡೆಯಾಚೆಗೂ ಚಾಚದಿದ್ದರೆ ಸಾಧನೆ ಅರ್ಧಕ್ಕೇ ನಿಲ್ಲುತ್ತದೆ.

ಬಹುಮಂದಿ ಸೇರಿದಲ್ಲಿ ಮಾತು ಹೆಚ್ಚು, ಕೆಲಸ ಕಡಿಮೆ ಎಂಬ ಆಕ್ಷೇಪವುಂಟು. ಹೊಣೆಯ ಹಂಚಿಕೆಯಿಲ್ಲದ ಗುಂಪಿಗೆ ಈ ಮಾತು ಸಲ್ಲುತ್ತದೆ. ಪ್ರತಿಯೊಬ್ಬನಿಗೂ ತನ್ನ ಕರ್ತವ್ಯ ಸ್ಪಷ್ಟವಾಗಿರಬೇಕು. ತಪ್ಪು ಕಂಡ ಕಿರಿಯನು ಅಳುಕದೆ ನುಡಿಯುವಂತಿರಬೇಕು. ಅದನ್ನು ಕೇಳುವ ತಾಳ್ಮೆ ಹಿರಿಯನಲ್ಲಿರಬೇಕು. ಇವು ಇಲ್ಲದ ಸಂಸ್ಥೆಯಲ್ಲಿ ಎಷ್ಟು ಜಾಣರಿದ್ದರೂ ಹೊಸತು ಹುಟ್ಟುವುದು ಕಷ್ಟ. ಹತ್ತು ಜನರ ಕಡ್ಡಿ ಒಬ್ಬನಿಗೆ ಹೊರೆಯೆಂದು ಹಿರಿಯರು ಹೇಳಿರುವುದು ಹೊಲಗದ್ದೆಗಳಿಗೆ ಸಲ್ಲುವಷ್ಟೇ ಪ್ರಯೋಗಾಲಯಕ್ಕೂ ಕಾರ್ಖಾನೆಗೂ ಸಲ್ಲುತ್ತದೆ.