ಮೆಟ್ಟಿಲ ಲೆಕ್ಕ ಮೊದಲೇ ಆಗಲಿ

ಮುಂಬಯಿಯ ಉಪನಗರಗಳಲ್ಲಿ ಬಾಡಿಗೆಗಿರುವ ಗೆಳೆಯರ ವಿಳಾಸವನ್ನು ನಾನು ಪೆನ್ಸಿಲಿನಲ್ಲೇ ಬರೆದುಕೊಳ್ಳುವುದು. ಹನ್ನೊಂದು ತಿಂಗಳ ಕರಾರು ಮುಗಿಯುತ್ತದೆ, ಮಾಲೀಕ ಬಾಡಿಗೆ ಏರಿಸುತ್ತಾನೆ, ನಾವು ಗಂಟುಮೂಟೆ ಕಟ್ಟುತ್ತೇವೆ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ ಪ್ರಕಾರ ಈ ಕರಾರು ಬರಹದಲ್ಲಿರಬೇಕು, ನೋಂದಣಿಯೂ ಆಗಬೇಕು. ಒಳ್ಳೆಯದೇ. ಮನೆಗೆ ಕಾಗದ ಉಂಟು. ಆದರೆ ಆ ಮನೆಯ ಸಾಮಾನು ಹೊತ್ತು ತರುವವನ ಜೊತೆ ನಮ್ಮ ಕರಾರು ಏನು? ‘ಥೋಡಾ ಸಾಮಾನ್ ಹೈ, ಭಾಯ್’ ಅಂತ ನಾಕಾದಲ್ಲಿ ನಿಂತು ಹೇಳುವ ನಾಲ್ಕು ಶಬ್ದ. ಅಷ್ಟೇ. ನನ್ನ ತಕರಾರು ಇರುವುದು ಈ ನಾಲ್ಕು ಶಬ್ದಗಳ ಮೇಲೆ.

ಗೆಳೆಯರು ಮನೆ ಬದಲಿಸುವಾಗ ಕೈಜೋಡಿಸಲು ನಾನು ಹಲವು ಸಲ ಹೋಗಿದ್ದೇನೆ. ಜಗಳ ಯಾವಾಗಲೂ ಆಗುವುದು ಹೊಸ ಮನೆಯ ಬಾಗಿಲಲ್ಲಿ, ಕೊನೆಯ ಮೆಟ್ಟಿಲ ಮೇಲೆ. ಒಮ್ಮೆ ಡೊಂಬಿವಲಿಯಲ್ಲಿ ಮೂರನೆಯ ಮಹಡಿ, ಲಿಫ್ಟ್ ಇಲ್ಲ. ನಾಕಾದಲ್ಲಿ ಮಾತಾಡುವಾಗ ಗೆಳೆಯ ಮಹಡಿಯ ಸುದ್ದಿಯನ್ನೇ ಎತ್ತಿರಲಿಲ್ಲ. ಕಬ್ಬಿಣದ ಕಪಾಟು ಹೊತ್ತವರು ಎರಡನೆಯ ತಿರುವಿನಲ್ಲಿ ಅದನ್ನು ಇಳಿಸಿ, ಹೆಚ್ಚಿಗೆ ಕೊಡಬೇಕು ಎಂದರು. ಇವನು ಹಿಂದಿಯಲ್ಲಿ ಕೂಗಾಡಿದ. ಅವರೂ ಹಿಂದಿಯಲ್ಲೇ ಉತ್ತರ ಕೊಟ್ಟರು. ಆಮೇಲೆ ಅವರಲ್ಲಿ ಹಿರಿಯನಾದವನು ತನ್ನ ಜೊತೆಗಾರನಿಗೆ ಮೆಲ್ಲಗೆ ಹೇಳಿದ: “ಓದಿದ ಹುಡುಗ್ರಪಾ, ಮೆಟ್ಟಲಾ ಎಣಸ್ಲಿಕ್ಕ ಬರೂದಿಲ್ಲೇನು?”

“ಯಾವ ಊರು ಕಾಕಾ?” ಎಂದು ನಾನು ಕೇಳಿದೆ. “ಆಳಂದ ಕಡೀ ರೀ” ಎಂದು ಆತ ನಕ್ಕ. ಜಗಳ ಅಲ್ಲಿಗೆ ತಣ್ಣಗಾಯಿತು. ಆದರೆ ಕನ್ನಡ ಗೊತ್ತಾದ್ದರಿಂದ ಕಪಾಟಿನ ಭಾರ ಕಡಿಮೆಯಾಯಿತೇ? ಇಲ್ಲ. ಅದು ಎಂಬತ್ತು ಕಿಲೋ ಇದ್ದದ್ದು ಎಂಬತ್ತೇ. ಹೆಚ್ಚಿನ ಹಣ ಕೊಡಿಸಿದ ಮೇಲೇ ಅದು ಮೇಲೆ ಹತ್ತಿತು. ಹತ್ತಬೇಕಾದ ರೀತಿಯೂ ಅದೇ.

ಕೆಲವರು ಹೇಳುತ್ತಾರೆ: “ನಾಕಾದ ಗೊಡವೆಯೇ ಬೇಡ ಮಾರಾಯ, ಪ್ಯಾಕರ್ಸ್ ಕಂಪೆನಿಗೆ ಒಂದು ಫೋನ್ ಹಾಕು, ಎಲ್ಲ ಅವರೇ ನೋಡ್ಕೊಳ್ತಾರೆ.” ನಮ್ಮ ರೂಮಿನವರು ಮುಲುಂಡಿನಿಂದ ಡೊಂಬಿವಲಿಗೆ ಹೋದಾಗ ಅಂಥ ಒಂದು ಕಂಪೆನಿಯನ್ನೇ ಕರೆದಿದ್ದರು. ಹೆಸರು ಬೇಡ. ಕಂಪೆನಿಯ ಅಂಗಿ ತೊಟ್ಟವನು ಒಬ್ಬ. ಅವನ ಕೆಲಸ ಫೋನಿನಲ್ಲಿ ಮಾತಾಡುವುದು. ಹೊರುವವರು ಮೂವರು, ಅವರನ್ನು ಬೆಳಿಗ್ಗೆ ನಾಕಾದಿಂದಲೇ ಕರೆತಂದಿದ್ದ. ನಾವು ಕೊಟ್ಟದ್ದು 9,000 ರೂಪಾಯಿ. ತಮ್ಮ ಕೈಗೆ ಬರುವುದು ತಲಾ 700 ಎಂದು ಚಹಾ ಕುಡಿಯುವಾಗ ಅವರೇ ಹೇಳಿದರು. ಟೆಂಪೋ ಬಾಡಿಗೆ, ರಟ್ಟಿನ ಪೆಟ್ಟಿಗೆ ಎಲ್ಲ ಕಳೆದರೂ ನಡುವೆ ಉಳಿದ ಹಣ ಸಣ್ಣದಲ್ಲ. ಅದು ಮೆಟ್ಟಿಲು ಹತ್ತಿದವನಿಗೆ ಸೇರಲಿಲ್ಲ.

ಕಂಪೆನಿಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಮುಂಬಯಿಯಿಂದ ಬೆಂಗಳೂರಿಗೋ ದೆಹಲಿಗೋ ಸಾಮಾನು ಹೋಗಬೇಕಾದರೆ ಸಾಗಣೆದಾರ ಬೇಕೇ ಬೇಕು. 2007ರ ರಸ್ತೆ ಸಾಗಣೆ ಕಾಯಿದೆಯಂತೆ ಅವನಿಗೆ ನೋಂದಣಿ ಇರಬೇಕು, ಸರಕಿಗೆ ರಸೀದಿ ಕೊಡಬೇಕು, ಕೇಳಿ ಪಡೆಯಿರಿ. ಆದರೆ ಮುಲುಂಡಿನಿಂದ ಭಾಂಡುಪಿಗೆ ಹೋಗಲು ಇಷ್ಟೆಲ್ಲ ಯಾಕೆ? 2005ರಲ್ಲಿ ಬಂದ ಟಾಟಾ ಏಸ್, ಅಂದರೆ ನಮ್ಮ ಛೋಟಾ ಹಾಥಿ, ಸುಮಾರು ಏಳು ಅಡಿ ಉದ್ದದ ತೊಟ್ಟಿಯದು. ನಾಲ್ಕು ಹುಡುಗರ ಸಂಸಾರ ಅದರಲ್ಲಿ ಒಂದೇ ಖೇಪಿಗೆ ಮುಗಿಯುತ್ತದೆ. ಟೆಂಪೋದವನೂ ಹಮಾಲರೂ ಅದೇ ಬೀದಿಯ ಕೊನೆಗೆ ಸಿಕ್ಕುತ್ತಾರೆ. ಏನಾದರೂ ಹೆಚ್ಚುಕಮ್ಮಿ ಆದರೆ ನಾಳೆ ಹೋಗಿ ಕೇಳಬಹುದು. ಅವರೂ ನಮ್ಮನ್ನು ಕೇಳಬಹುದು.

ಹೊರುವವನ ಲೆಕ್ಕ ಹಾಕುವುದು ಈ ರಾಜ್ಯಕ್ಕೆ ಹೊಸ ಸಂಗತಿಯೂ ಅಲ್ಲ. ಮರಾಠಿಯ ‘ಮಾಥಾಡಿ’ ಎಂಬ ಮಾತು ‘ಮಾಥಾ’, ಅಂದರೆ ತಲೆಯಿಂದ ಬಂದದ್ದು. ಅಣ್ಣಾಸಾಹೇಬ ಪಾಟೀಲರು ಈ ಹಮಾಲರನ್ನು ಸಂಘಟಿಸಿದರು. 1969ರಲ್ಲಿ ಮಾಥಾಡಿ ಕಾಯಿದೆ ಬಂತು. ಅದರ ಉಪಾಯ ಸರಳ. ವ್ಯಾಪಾರಿಯೂ ಹಮಾಲನೂ ಮಂಡಳಿಯಲ್ಲಿ ನೋಂದಾಯಿಸಬೇಕು. ವ್ಯಾಪಾರಿ ಕೂಲಿಯ ಮೇಲೆ ಒಂದಷ್ಟು ಲೆವಿಯನ್ನೂ ಮಂಡಳಿಗೆ ಕಟ್ಟಬೇಕು. ಅದರಿಂದ ಭವಿಷ್ಯನಿಧಿ, ಗ್ರಾಚ್ಯುಯಿಟಿ, ರಜೆಯ ಸಂಬಳ, ಔಷಧೋಪಚಾರ. ದಿನಕ್ಕೊಬ್ಬ ಧಣಿ ಬದಲಾಗುವವನಿಗೂ ಮುದಿತನಕ್ಕೊಂದು ಆಸರೆ ಸಿಕ್ಕಿತು. ಆದರೆ ವಾಶಿಯ ಮಾರುಕಟ್ಟೆಯ ಮಾಥಾಡಿಗೆ ಸಿಗುವ ಈ ಆಸರೆ, ನಮ್ಮ ಮಂಚ-ಕಪಾಟು ಹೊರಲು ನಾಕಾದಿಂದ ಬರುವ ಬಹುತೇಕರಿಗೆ ಇಲ್ಲ. ಅವರು ಜಾರಿ ಬಿದ್ದರೆ ಅವತ್ತಿನ ಕೂಲಿಯೂ ಹೋಯಿತು, ಮುಂದಿನ ತಿಂಗಳದ್ದೂ ಹೋಯಿತು. ಅವರಿಗಿರುವ ಕಾಯಿದೆ ನಮ್ಮ ಬಾಯಿಮಾತು ಒಂದೇ.

ಆದ್ದರಿಂದ ಬಾಯಿಮಾತು ಪೂರ್ತಿ ಇರಲಿ ಎಂಬುದು ನನ್ನ ವಾದ. ಹಿಂದಿನ ದಿನವೇ ಹೋಗಿ ಹೇಳಿ: ಎಷ್ಟನೆಯ ಮಹಡಿಯಿಂದ ಎಷ್ಟನೆಯ ಮಹಡಿಗೆ, ಲಿಫ್ಟ್ ಉಂಟೋ ಇಲ್ಲವೋ, ಸಾಮಾನಿಗೆ ಲಿಫ್ಟ್ ಬಳಸಲು ಸೊಸೈಟಿ ಬಿಡುತ್ತದೋ, ಟೆಂಪೋ ಗೇಟಿನವರೆಗೆ ಬರುತ್ತದೋ. ಭಾರದ ಸಾಮಾನುಗಳನ್ನು ಹೆಸರಿಟ್ಟು ಹೇಳಿ. ಫೋನಿನಲ್ಲಿ ಫೋಟೋ ತೆಗೆದು ತೋರಿಸಿದರೆ ಇನ್ನೂ ಸಲೀಸು. ಎಷ್ಟು ಜನ, ಒಟ್ಟು ಎಷ್ಟು ಹಣ, ಒಡೆದರೆ ಯಾರ ಹೊಣೆ, ಎಲ್ಲ ಒಂದು ಚೀಟಿಯಲ್ಲಿ ಬರೆದು ಓದಿ ಹೇಳಿ.

ಪುಸ್ತಕದ ವಿಷಯ ನಮ್ಮಂಥವರಿಗೇ ಅನ್ವಯಿಸುವುದು. ಒಂದೂವರೆ ಅಡಿ ಉದ್ದ, ಅಗಲ, ಎತ್ತರದ ಪೆಟ್ಟಿಗೆಗೆ ಪುಸ್ತಕ ಒತ್ತಿ ತುಂಬಿದರೆ 50 ಕಿಲೋ ಸುಲಭವಾಗಿ ಆಗುತ್ತದೆ, ಒಂದು ಸಿಮೆಂಟ್ ಚೀಲದಷ್ಟು. ಒಬ್ಬ ಗಂಡಸು ಹೊರುವ ಭಾರ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿದೆ. ಮಹಾಕಾವ್ಯವಾದರೇನು, ಗೈಡ್ ಆದರೇನು, ಕುತ್ತಿಗೆಗೆ ಎರಡೂ ಒಂದೇ. ಸಣ್ಣ ಸಣ್ಣ ಪೆಟ್ಟಿಗೆಗಳಲ್ಲಿ ತುಂಬಿ.

“ಅವರೇನು ಕಡಿಮೆಯವರಾ?” ಎಂದು ಕೇಳುವವರಿದ್ದಾರೆ. ಸಾಮಾನು ಒಡೆಯುವವರು, ಕುಡಿದು ಬರುವವರು ಇರಬಹುದು. ಮಾಥಾಡಿಯ ಹೆಸರು ಹೇಳಿ, ಹೊರೆ ಮುಟ್ಟದೆಯೇ ಗೇಟಿನಲ್ಲಿ ಹಣ ಕೇಳುವ ಗುಂಪುಗಳೂ ಕೆಲವು ಕಡೆ ಉಂಟು. ಅದು ಸುಲಿಗೆ, ಅದಕ್ಕೆ ಪೊಲೀಸ್ ಠಾಣೆ ಇದೆ. ಆದರೆ ಹೊರೆ ಮುಟ್ಟದವನ ಸಿಟ್ಟನ್ನು ಹೊರೆ ಹೊತ್ತವನ ಮೇಲೆ ತೀರಿಸುವುದು ಯಾವ ನ್ಯಾಯ? ಮಹಡಿಯನ್ನು ಬಚ್ಚಿಟ್ಟು ಕರೆತಂದು, ಅವನು ಮೆಟ್ಟಿಲಲ್ಲಿ ಹೆಚ್ಚಿಗೆ ಕೇಳಿದಾಗ “ಮೋಸ” ಎಂದು ಕೂಗುವುದೂ ಅಷ್ಟೇ.

ನಮ್ಮ ಬಳಗದಲ್ಲಿ ಶ್ರಮಿಕರ ಮೇಲೆ ಬರೆದ ಕವಿತೆಗಳಿಗೆ ಬರವಿಲ್ಲ, ಚಪ್ಪಾಳೆಗೂ ಬರವಿಲ್ಲ. ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ಬಂದವರು ಬೆಳಿಗ್ಗೆ ಏಳಕ್ಕೆ ನಾಕಾದಲ್ಲಿ ಡಬ್ಬಿ ಹಿಡಿದು ನಿಂತಿರುತ್ತಾರೆ. ಅವರ ಪಕ್ಕದಲ್ಲೇ ಹಾದು ನಾವು ಲೋಕಲ್ ಹಿಡಿಯುತ್ತೇವೆ. ಅವರ ಮೇಲೆ ಇನ್ನೊಂದು ಕವಿತೆ ಬೇಕೆಂದು ನಾನು ಕೇಳುತ್ತಿಲ್ಲ. ಜೂನ್ ಬಂದರೆ ನಮ್ಮಲ್ಲಿ ಅರ್ಧ ಜನ ರೂಮು ಬದಲಿಸುವವರೇ. ಬಳಗದ ಸೂಚನಾ ಫಲಕಕ್ಕೆ ಒಂದು ಹಾಳೆ ಅಂಟಿಸೋಣ: ಮಹಡಿ, ಮೆಟ್ಟಿಲು, ಸಾಮಾನು, ಜನ, ಹಣ. ಮನೆ ಬದಲಿಸುವವರು ಅದನ್ನು ತುಂಬಿಕೊಂಡೇ ನಾಕಾಕ್ಕೆ ಹೋಗಲಿ. ಬರೆಯುವ ಕೆಲಸ ನಾನು ಮಾಡುತ್ತೇನೆ, ಅಂಟು ತರುವವರು ಯಾರು?