ಉಳಿದ ತೊಂಬತ್ತೆಂಟು ಮಂದಿ

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಒಟ್ಟಿಗೆ 1,07,601 ಜನ ಕುಳಿತು ಪಂದ್ಯ ನೋಡಬಹುದು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣವನ್ನು ಎರಡು ಸಲ ತುಂಬಿಸಿದರೂ ಆ ಸಂಖ್ಯೆಯನ್ನು ಮುಟ್ಟಲಾಗದು. ಗಮನಿಸಿ, ಅದು ದೇಶದ ತಂಡ ಆಡುವ ಮೈದಾನವಲ್ಲ, ಒಂದು ವಿಶ್ವವಿದ್ಯಾಲಯದ ಆಟದ ಮೈದಾನ. ಆಡುವವರು ಪದವಿ ತರಗತಿಯ ಹುಡುಗರು. ಅಲ್ಲಿ ಶನಿವಾರ ರಾತ್ರಿಯ ಪಂದ್ಯವೆಂದರೆ ಇಲ್ಲಿ ಭಾನುವಾರ ಬೆಳಗಿನ ಹೊತ್ತು. ಅಕ್ಕನ ಮಗ ಆ ಊರಿಗೆ ಓದಲು ಹೋದಾಗ ಅವನಿಂದ ಅಂಟಿದ ಈ ಗೀಳು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಭಾನುವಾರದ ಕಾಫಿ ನನಗೆ ಪಂದ್ಯದ ಜೊತೆಯಲ್ಲೇ ಆಗಬೇಕು.

ಫುಟ್‌ಬಾಲ್ ಎಂದೊಡನೆ ಕಾಲಿನಲ್ಲಿ ಒದೆಯುವ ದುಂಡು ಚೆಂಡನ್ನು ನೆನೆಯಬೇಡಿ. ಅಲ್ಲಿಯ ಚೆಂಡು ಎರಡೂ ತುದಿ ಚೂಪಾಗಿರುವಂಥದ್ದು. ಅದನ್ನು ಕೈಯಲ್ಲಿ ಹಿಡಿದು ಓಡಬೇಕು, ಇಲ್ಲವೇ ಎಸೆಯಬೇಕು. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಬೇಕು. ಆಗದಿದ್ದರೆ ಚೆಂಡು ಎದುರಾಳಿಯದು. ಹನ್ನೊಂದು ಜನ ಹನ್ನೊಂದು ಜನರ ಮೇಲೆ ಬಿದ್ದು ತಡೆಯುತ್ತಾರೆ. ನೋಡುವವರಿಗೆ ಗುದ್ದಾಟ, ತಿಳಿದವರಿಗೆ ಚದುರಂಗ.

ಬ್ಯಾಸ್ಕೆಟ್‌ಬಾಲ್ ನಮಗೆ ಹೊಸದಲ್ಲ. ಆದರೆ ಅದನ್ನು ಕಂಡುಹಿಡಿದವರು ಒಬ್ಬ ಮೇಷ್ಟ್ರು ಎಂಬುದು ಎಷ್ಟು ಜನರಿಗೆ ಗೊತ್ತು? 1891ರ ಡಿಸೆಂಬರ್ ಚಳಿಯಲ್ಲಿ, ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ, ಹೊರಗೆ ಆಡಲಾಗದೆ ಚಡಪಡಿಸುತ್ತಿದ್ದ ಹುಡುಗರಿಗಾಗಿ ಜೇಮ್ಸ್ ನೈಸ್ಮಿತ್ ಪೀಚ್ ಹಣ್ಣಿನ ಬುಟ್ಟಿಗಳನ್ನು ಬಾಲ್ಕನಿಯ ಕಟಕಟೆಗೆ ಹೊಡೆದು 13 ನಿಯಮ ಬರೆದರು. ಮುಂದೆ ಅವರು ಕ್ಯಾನ್ಸಸ್ ವಿಶ್ವವಿದ್ಯಾಲಯದ ಮೊದಲ ಕೋಚ್ ಆದರು. ಅಲ್ಲಿ 55 ಪಂದ್ಯ ಗೆದ್ದು 60 ಸೋತರು. ಆ ವಿಶ್ವವಿದ್ಯಾಲಯದ ಕೋಚ್‌ಗಳ ಪೈಕಿ ಗೆಲುವಿಗಿಂತ ಸೋಲು ಹೆಚ್ಚಾಗಿರುವುದು ಆಟವನ್ನು ಹುಟ್ಟಿಸಿದವರದ್ದು ಮಾತ್ರ! ಆದರೂ ಅಲ್ಲಿಯ ಅಂಕಣಕ್ಕೆ ಇಂದಿಗೂ ಅವರದ್ದೇ ಹೆಸರು.

ಅಳೆಯುವ ಕೋಲು ಯಾವುದು?

ಅಲ್ಲಿಯವರು ಬರೀ ತಂಡ ಎನ್ನುವುದಿಲ್ಲ, ‘ಪ್ರೋಗ್ರಾಮ್’ ಎನ್ನುತ್ತಾರೆ. ಕೋಚ್, ಸಹಾಯಕರು, ಆಟಗಾರರು, ವೈದ್ಯರು, ಪಾಠ ಹೇಳಿಕೊಡುವವರು, ವಾದ್ಯವೃಂದ, ಹಣ ಕೊಡುವ ಹಳೆಯ ವಿದ್ಯಾರ್ಥಿಗಳು ಎಲ್ಲರೂ ಸೇರಿದ ಸಂಸಾರ ಅದು. ಯಾವ ಪ್ರೋಗ್ರಾಮ್ ದೊಡ್ಡದು ಎಂಬ ವಾದಕ್ಕೆ ಕೊನೆಯೇ ಇಲ್ಲ. ಸಾಮಾನ್ಯವಾಗಿ ಜನ ಕಪ್‌ಗಳನ್ನು ಎಣಿಸುತ್ತಾರೆ. ಹಾಗೆ ಎಣಿಸಿದರೆ 1964ರಿಂದ 1975ರವರೆಗಿನ 12 ವರ್ಷಗಳಲ್ಲಿ 10 ಸಲ ಬ್ಯಾಸ್ಕೆಟ್‌ಬಾಲ್ ಚಾಂಪಿಯನ್ ಆದ, ಜಾನ್ ವುಡನ್ ಅವರ ಯು.ಸಿ.ಎಲ್.ಎ. ತಂಡವನ್ನು ಮೀರಿಸುವವರಿಲ್ಲ.

ಆದರೆ ಮೇಷ್ಟ್ರ ಬುದ್ಧಿ ಬೇರೆ ಲೆಕ್ಕ ಕೇಳುತ್ತದೆ. ಪ್ರತಿ ಮಾರ್ಚ್‌ನಲ್ಲಿ ನಡೆಯುವ ಪುರುಷರ ಬ್ಯಾಸ್ಕೆಟ್‌ಬಾಲ್ ಚಾಂಪಿಯನ್‌ಷಿಪ್‌ನಲ್ಲಿ 68 ತಂಡಗಳಿರುತ್ತವೆ. ಸೋತವರು ಮನೆಗೆ. ಒಟ್ಟು ಎಷ್ಟು ಪಂದ್ಯ? ಪಟ್ಟಿ ಹಾಕಿ ಎಣಿಸಬೇಕಿಲ್ಲ. ಒಂದು ಪಂದ್ಯಕ್ಕೆ ಒಂದು ತಂಡ ಹೊರಬೀಳುತ್ತದೆ, ಕೊನೆಗೆ ಉಳಿಯುವುದು ಒಂದು, ಆದ್ದರಿಂದ 67 ಪಂದ್ಯ. ಇದನ್ನೇ ತಿರುಗಿಸಿ ಹೇಳಿದರೆ, ಆ 68ರಲ್ಲಿ 67 ತಂಡಗಳ ವರ್ಷ ಸೋಲಿನಲ್ಲೇ ಮುಗಿಯುತ್ತದೆ.

ಇನ್ನೊಂದು ಲೆಕ್ಕ ನೋಡಿ. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್.ಸಿ.ಎ.ಎ. ಸಂಸ್ಥೆಯೇ ಹೇಳುವಂತೆ, ಕಾಲೇಜಿನಲ್ಲಿ ಫುಟ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ಆಡುವ ಹುಡುಗರಲ್ಲಿ ದೇಶದ ದೊಡ್ಡ ವೃತ್ತಿಪರ ಲೀಗ್‌ಗಳಿಗೆ ಆಯ್ಕೆಯಾಗುವವರು ನೂರಕ್ಕೆ ಇಬ್ಬರಿಗಿಂತ ಕಡಿಮೆ. ಟಿ.ವಿ.ಯಲ್ಲಿ ನಾವು ಕಾಣುವುದು ಆ ಇಬ್ಬರನ್ನು. ಉಳಿದ ತೊಂಬತ್ತೆಂಟು ಮಂದಿ ಏನಾದರು? ನನ್ನ ಮಟ್ಟಿಗೆ ಪ್ರೋಗ್ರಾಮ್ ಒಂದನ್ನು ಅಳೆಯುವ ಕೋಲು ಇದೊಂದೇ.

ನನ್ನ ಮೆಚ್ಚಿನ ಮೂರು

ಈ ಕೋಲಿನಿಂದ ಅಳೆದರೆ ನನ್ನ ಪಟ್ಟಿಯಲ್ಲಿ ಮೊದಲು ಬರುವುದು ಟೆನೆಸಿ ವಿಶ್ವವಿದ್ಯಾಲಯದ ಮಹಿಳಾ ಬ್ಯಾಸ್ಕೆಟ್‌ಬಾಲ್. 1974ರಲ್ಲಿ ಪ್ಯಾಟ್ ಸಮಿಟ್ ಅಲ್ಲಿ ಕೋಚ್ ಆದಾಗ ಅವರಿಗೆ 22 ವರ್ಷ. ವಿದ್ಯಾಸಂಸ್ಥೆಗಳಲ್ಲಿ ಹೆಣ್ಣು ಗಂಡೆಂಬ ಭೇದ ಸಲ್ಲದು ಎಂಬ ಕಾಯಿದೆ 1972ರಲ್ಲಷ್ಟೇ ಬಂದಿತ್ತು. ಹಣವೂ ಇಲ್ಲ, ಪ್ರೇಕ್ಷಕರೂ ಇಲ್ಲ. ಹುಡುಗಿಯರ ಸಮವಸ್ತ್ರ ಒಗೆಯುವುದೂ ವ್ಯಾನು ಓಡಿಸುವುದೂ ಕೋಚ್ ಕೆಲಸವೇ. ಅಂಥಲ್ಲಿಂದ ಹೊರಟು 2012ರವರೆಗೆ 1,098 ಪಂದ್ಯ ಗೆದ್ದರು, 8 ಸಲ ರಾಷ್ಟ್ರ ಚಾಂಪಿಯನ್ ಪಟ್ಟ ತಂದರು. ಇವೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಾಣುವ ಅಂಕಿ ಬೇರೆ. ಟೆನೆಸಿಯಲ್ಲಿ ತನ್ನ ಆಟದ ಅವಧಿಯನ್ನು ಪೂರೈಸಿದ ಅವರ ಪ್ರತಿಯೊಬ್ಬ ಆಟಗಾರ್ತಿಯೂ ಪದವಿ ಪಡೆದಳು. ನೂರಕ್ಕೆ ನೂರು! ನಮ್ಮಲ್ಲಿ ಯಾವ ಶಾಲೆಗೆ ಅಂಥ ಫಲಿತಾಂಶ ಬಂದರೂ ಊರಿಗೆಲ್ಲ ಸಿಹಿ ಹಂಚುತ್ತೇವೆ.

ಎರಡನೆಯದು ನಾರ್ತ್ ಕೆರೊಲಿನಾ. ಅಲ್ಲಿ ಡೀನ್ ಸ್ಮಿತ್ 1961ರಿಂದ 1997ರವರೆಗೆ ಬ್ಯಾಸ್ಕೆಟ್‌ಬಾಲ್ ಕೋಚ್ ಆಗಿದ್ದರು. ಮೈಕೆಲ್ ಜೋರ್ಡನ್ ಅವರ ಗರಡಿಯಲ್ಲೇ ಪಳಗಿದವರು. ಜೋರ್ಡನ್ ಮೂರು ವರ್ಷಕ್ಕೇ ಓದು ಬಿಟ್ಟು ವೃತ್ತಿಪರ ಆಟಕ್ಕೆ ಹೋದರೂ ಮತ್ತೆ ಬಂದು 1986ರಲ್ಲಿ ಪದವಿ ಮುಗಿಸಿದರು. ವಿಷಯ ಯಾವುದು ಗೊತ್ತೇ? ಭೂಗೋಳ! ಸ್ಮಿತ್ 2015ರಲ್ಲಿ ತೀರಿಕೊಂಡಾಗ ಅವರ ಉಯಿಲಿನಂತೆ, ತಮ್ಮ ಕೈಕೆಳಗೆ ಆಡಿದ ಸುಮಾರು 180 ಮಂದಿಗೆ ತಲಾ 200 ಡಾಲರ್‌ನ ಚೆಕ್ ಬಂತು. ಕೋಚ್ ಲೆಕ್ಕದಲ್ಲಿ ಹೊರಗೆ ಒಂದು ಊಟ ಮಾಡಿ ಎಂಬ ಒಕ್ಕಣೆ. ಕೋಟ್ಯಧೀಶ ಜೋರ್ಡನ್‌ಗೂ 200, ಬೆಂಚಿನ ಕೊನೆಯಲ್ಲಿ ಕೂತೇ ದಿನ ಕಳೆದ ಹುಡುಗನಿಗೂ 200. ಮೇಷ್ಟ್ರಿಗೆ ತರಗತಿಯ ಎಲ್ಲರೂ ನೆನಪಿದ್ದರು.

ಆದರೆ ಅಭಿಮಾನಕ್ಕೆ ಕಣ್ಣಿರಬೇಕು. ಅದೇ ವಿಶ್ವವಿದ್ಯಾಲಯದ ಒಂದು ವಿಭಾಗದಲ್ಲಿ 1993ರಿಂದ 2011ರವರೆಗೆ ಪಾಠವೇ ನಡೆಯದ ‘ಕಾಗದದ ತರಗತಿ’ಗಳಿದ್ದವು. ವಿದ್ಯಾರ್ಥಿ ಒಂದು ಪ್ರಬಂಧ ಕೊಟ್ಟರೆ ಸಾಕು, ಕಚೇರಿಯ ಸಿಬ್ಬಂದಿಯೇ ಒಳ್ಳೆಯ ಅಂಕ ಕೊಡುತ್ತಿದ್ದರು. 3,100ಕ್ಕೂ ಹೆಚ್ಚು ವಿದ್ಯಾರ್ಥಿಗಳು ಇದರ ಲಾಭ ಪಡೆದರು, ಅವರಲ್ಲಿ ಅರ್ಧದಷ್ಟು ಮಂದಿ ಆಟಗಾರರು ಎಂದು 2014ರ ತನಿಖಾ ವರದಿ ಹೇಳಿತು. ಈ ಹಗರಣದ ಆರಂಭದ ವರ್ಷಗಳು ಸ್ಮಿತ್ ಅವರ ಕೊನೆಯ ವರ್ಷಗಳನ್ನೂ ತಾಗುತ್ತವೆ. ತರಗತಿಗಳು ಆಟಗಾರರಿಗೆ ಮಾತ್ರವಲ್ಲ, ಎಲ್ಲರಿಗೂ ತೆರೆದಿದ್ದವು ಎಂಬ ಕಾರಣಕ್ಕೆ 2017ರಲ್ಲಿ ಎನ್.ಸಿ.ಎ.ಎ. ಶಿಕ್ಷೆ ಕೊಡಲಾಗದೆ ಕೈಚೆಲ್ಲಿತು. ಪದವಿ ಸಿಕ್ಕಿತೇ ಎಂದಷ್ಟೇ ಕೇಳಿದರೆ ಸಾಲದು, ಕಲಿತದ್ದೇನು ಎಂದೂ ಕೇಳಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಮೂರನೆಯದು, ಆಟವನ್ನೇ ನಿಲ್ಲಿಸಿದ ಷಿಕಾಗೋ ವಿಶ್ವವಿದ್ಯಾಲಯ. ಒಂದು ಕಾಲಕ್ಕೆ ಅದು ಫುಟ್‌ಬಾಲ್‌ನ ಹುಲಿ. ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿಯನ್ನು 1935ರಲ್ಲಿ ಮೊಟ್ಟಮೊದಲು ಗೆದ್ದ ಜೇ ಬರ್ವಾಂಗರ್ ಅಲ್ಲಿಯವರೇ. ವೃತ್ತಿಪರ ಲೀಗ್‌ನ ಮೊಟ್ಟಮೊದಲ ಆಯ್ಕೆಯೂ ಅವರೇ. ಆದರೆ ಹಣದ ಮಾತು ಕುದುರದೆ ಅವರು ವೃತ್ತಿಪರ ಪಂದ್ಯ ಒಂದನ್ನೂ ಆಡಲಿಲ್ಲ. ಮುಂದೆ ಉದ್ಯಮಿಯಾಗಿ ಚೆನ್ನಾಗಿಯೇ ಬಾಳಿದರು. 1939ರಲ್ಲಿ ಮಿಷಿಗನ್ ಎದುರು 85-0 ಅಂತರದಲ್ಲಿ ಸೋತ ಷಿಕಾಗೋ, ಅದೇ ವರ್ಷದ ಕೊನೆಗೆ ಫುಟ್‌ಬಾಲನ್ನೇ ಕೈಬಿಟ್ಟಿತು. ವಿದ್ಯಾಸಂಸ್ಥೆಗೆ ಇದು ಮುಖ್ಯವಲ್ಲ ಎಂದು ಅಧ್ಯಕ್ಷ ರಾಬರ್ಟ್ ಹಚಿನ್ಸ್ ಪಟ್ಟುಹಿಡಿದಿದ್ದರು. ಖಾಲಿ ಬಿದ್ದ ಆ ಕ್ರೀಡಾಂಗಣದ ಮೆಟ್ಟಿಲುಗಳ ಅಡಿಯಲ್ಲೇ, 1942ರ ಡಿಸೆಂಬರ್ 2ರಂದು, ಎನ್ರಿಕೋ ಫರ್ಮಿ ಮತ್ತು ಸಂಗಡಿಗರು ಮನುಷ್ಯ ನಿಯಂತ್ರಿಸಿದ ಮೊದಲ ಪರಮಾಣು ಸರಪಳಿ ಕ್ರಿಯೆಯನ್ನು ನಡೆಸಿದರು. ವಿಜ್ಞಾನದ ಮೇಷ್ಟ್ರಾಗಿ ಇದನ್ನು ಹೇಳದೆ ಮುಂದೆ ಹೋಗಲಾರೆ. 1969ರಲ್ಲಿ ಷಿಕಾಗೋ ಮತ್ತೆ ತಂಡ ಕಟ್ಟಿತು. ಆದರೆ ಇಂದು ಅದು ಇರುವುದು ಆಟಕ್ಕೆಂದು ವಿದ್ಯಾರ್ಥಿವೇತನವನ್ನೇ ಕೊಡದ ಮೂರನೇ ವಿಭಾಗದಲ್ಲಿ. ಅಲ್ಲಿ ಓದಲು ಬಂದವರು ಆಡುತ್ತಾರೆ, ಆಡಲು ಬಂದವರು ಓದುವುದಲ್ಲ.

ಹಣ ಬಂತು, ನಕಾಶೆ ಹೋಯಿತು

‘ವಿದ್ಯಾರ್ಥಿ ಕ್ರೀಡಾಪಟು’ ಎಂಬ ಮಾತು ಕೇಳಲು ಚೆಂದ. ಆದರೆ 1950ರ ದಶಕದಲ್ಲಿ ಎನ್.ಸಿ.ಎ.ಎ. ಆ ಪದವನ್ನು ಚಲಾವಣೆಗೆ ತಂದದ್ದರ ಹಿಂದೆ, ಗಾಯಗೊಂಡ ಆಟಗಾರನಿಗೆ ಕಾರ್ಮಿಕನಂತೆ ಪರಿಹಾರ ಕೊಡಬೇಕಾದೀತೆಂಬ ಹೆದರಿಕೆಯಿತ್ತು. ಆ ಸಂಸ್ಥೆಯನ್ನು ದಶಕಗಳ ಕಾಲ ನಡೆಸಿದ ವಾಲ್ಟರ್ ಬೈಯರ್ಸ್ ಅವರೇ ನಿವೃತ್ತಿಯ ನಂತರ ಇದನ್ನು ಬರೆದಿದ್ದಾರೆ. ಕೋಚ್‌ಗಳಿಗೆ ಕೋಟಿ, ಹುಡುಗರಿಗೆ ಶುಲ್ಕ, ಊಟ, ವಸತಿ ಎಂಬ ಏರ್ಪಾಡು ಬಹುಕಾಲ ನಡೆಯಿತು. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಜಾಹೀರಾತಿನ ಹಣ ಪಡೆಯಬಹುದಾಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ, ವಿಶ್ವವಿದ್ಯಾಲಯವೊಂದು ಮೊದಲ ವರ್ಷ ಸುಮಾರು 2 ಕೋಟಿ 5 ಲಕ್ಷ ಡಾಲರ್‌ವರೆಗೆ ತನ್ನ ಆಟಗಾರರಿಗೆ ನೇರವಾಗಿ ಹಂಚಬಹುದು. ಇದು ನ್ಯಾಯವೇ. ಉಳುವವನಿಗೆ ಬೆಳೆಯಲ್ಲಿ ಪಾಲು ಬೇಡವೇ?

ಆದರೆ ಪಾಲಿನ ಹೆಚ್ಚಿನ ಭಾಗ ಹೋಗುವುದು ಫುಟ್‌ಬಾಲ್ ಮತ್ತು ಪುರುಷರ ಬ್ಯಾಸ್ಕೆಟ್‌ಬಾಲ್‌ಗೆ, ಅದರಲ್ಲೂ ತಾರೆಗಳಿಗೆ. ಜೊತೆಗೆ ಈಗ ಆಟಗಾರ ಹೆಚ್ಚು ಹಣ ಕೊಡುವಲ್ಲಿಗೆ ವರ್ಷವರ್ಷವೂ ಕಾಲೇಜು ಬದಲಿಸಬಹುದು. ಒಂದು ಕಡೆ ಓದಿದ ವಿಷಯವನ್ನು ಇನ್ನೊಂದು ಕಡೆ ಪೂರ್ತಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಚೆಂಡಿನ ಜೊತೆ ಊರೂರು ಅಲೆದ ಹುಡುಗ ಪದವಿಯ ಹತ್ತಿರ ಬಂದೇ ಇರುವುದಿಲ್ಲ.

ಟಿ.ವಿ. ಹಣಕ್ಕಾಗಿ ಭೂಗೋಳವೇ ಬದಲಾಗಿದೆ. ‘ಬಿಗ್ ಟೆನ್’ ಎಂಬ ಕೂಟದಲ್ಲಿ ಈಗ 18 ವಿಶ್ವವಿದ್ಯಾಲಯಗಳಿವೆ. ಪೆಸಿಫಿಕ್ ದಡದ ಸ್ಟ್ಯಾನ್‌ಫರ್ಡ್ 2024ರಿಂದ ‘ಅಟ್ಲಾಂಟಿಕ್ ಕೋಸ್ಟ್’ ಕೂಟದ ಸದಸ್ಯ! ಪರೀಕ್ಷೆಯಲ್ಲಿ ಹೀಗೆ ಬರೆದವನಿಗೆ ನಾನು ಸೊನ್ನೆ ಕೊಡುತ್ತಿದ್ದೆ. ಹಾಸ್ಯ ಇರಲಿ, ವಾರದ ನಡುವೆ ದೇಶದ ಆ ತುದಿಗೆ ಹಾರಿ ವಾಲಿಬಾಲ್ ಆಡಿ ಬರುವ ಹುಡುಗಿ ಪ್ರಯೋಗಶಾಲೆಗೆ ಯಾವಾಗ ಹೋಗಬೇಕು?

ಇನ್ನು ದೇಹದ ಮಾತು. ಬಸ್ಸು ಗಕ್ಕನೆ ನಿಂತಾಗ ನಾವು ಮುಂದಕ್ಕೆ ಮುಗ್ಗರಿಸುತ್ತೇವಲ್ಲ, ಅದೇ ಜಡತ್ವ ಮೆದುಳಿಗೂ ಇದೆ. ಶಿರಸ್ತ್ರಾಣ ತಲೆಬುರುಡೆಯನ್ನು ಕಾಪಾಡೀತು, ಒಳಗೆ ಮೆದುಳು ಅಲುಗುವುದನ್ನು ತಡೆಯಲಾರದು. 2017ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ, ಕಾಲೇಜು ಮಟ್ಟದವರೆಗೆ ಫುಟ್‌ಬಾಲ್ ಆಡಿದ್ದ 53 ಮಂದಿಯ ಪೈಕಿ 48 ಜನರ ಮೆದುಳಿನಲ್ಲಿ, ಪದೇ ಪದೇ ಬಿದ್ದ ಪೆಟ್ಟಿನಿಂದ ಬರುವ ಸಿ.ಟಿ.ಇ. ಎಂಬ ಕಾಯಿಲೆ ಕಂಡುಬಂತು. ಇವು ಸತ್ತವರ ಕುಟುಂಬಗಳು ದಾನವಾಗಿ ಕೊಟ್ಟ ಮೆದುಳುಗಳು. ತೊಂದರೆ ಕಂಡ ಕುಟುಂಬಗಳೇ ಹೆಚ್ಚಾಗಿ ಮುಂದೆ ಬರುವುದು ಸಹಜ, ಆದ್ದರಿಂದ ಎಲ್ಲ ಆಟಗಾರರಿಗೂ ಈ ಪ್ರಮಾಣವನ್ನು ಹಚ್ಚುವಂತಿಲ್ಲ. ಆದರೂ ಎಚ್ಚರಿಕೆಗೆ ಇಷ್ಟು ಸಾಕು. ಹಣ ಪಡೆದ ಇಬ್ಬರಿಗೂ ಪಡೆಯದ ತೊಂಬತ್ತೆಂಟು ಮಂದಿಗೂ ಪೆಟ್ಟು ಒಂದೇ.

ಅಪ್ಪ ಅಮ್ಮ ಕೇಳಬೇಕಾದ್ದು

ಮಗ ಅಥವಾ ಮಗಳು ಚೆನ್ನಾಗಿ ಬ್ಯಾಸ್ಕೆಟ್‌ಬಾಲ್ ಆಡುತ್ತಾರೆ, ಅಮೆರಿಕದಲ್ಲಿ ಆಟದ ಮೇಲೆ ಓದಿಸುತ್ತಾರಂತೆ, ನಿಜವೇ ಎಂದು ಪೋಷಕರು ಆಗಾಗ ನನ್ನನ್ನು ಕೇಳುತ್ತಾರೆ. ನಿಜ. ಆದರೆ ಎಲ್ಲ ಕಡೆಯೂ ಅಲ್ಲ. ಮೂರನೇ ವಿಭಾಗದ ಕಾಲೇಜುಗಳಂತೆಯೇ ಹಾರ್ವರ್ಡ್, ಪ್ರಿನ್ಸ್‌ಟನ್ ಸೇರಿದ ಐವಿ ಲೀಗ್‌ನ 8 ವಿಶ್ವವಿದ್ಯಾಲಯಗಳೂ ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವುದಿಲ್ಲ. ಅಲ್ಲಿ ಕೊಡುವ ನೆರವು ಮನೆಯ ಆದಾಯ ನೋಡಿ. ಆಟಕ್ಕೆ ವೇತನ ಕೊಡುವ ಕಡೆ ಮೂರು ಪ್ರಶ್ನೆ ಕೇಳಿ. ವೇತನ ಒಂದು ವರ್ಷಕ್ಕೋ, ಪದವಿ ಮುಗಿಯುವವರೆಗೋ? ಮೊಣಕಾಲು ಮುರಿದರೆ ಅದು ಮುಂದುವರಿಯುತ್ತದೆಯೇ? ಐದು ವರ್ಷದ ಹಿಂದೆ ಈ ತಂಡದ ಬೆಂಚಿನಲ್ಲಿ ಕೂತಿದ್ದವರು ಇಂದು ಏನು ಮಾಡುತ್ತಿದ್ದಾರೆ? ಮೂರನೆಯದಕ್ಕೆ ಥಟ್ಟನೆ ಉತ್ತರ ಬಂದರೆ ಅದು ಒಳ್ಳೆಯ ಪ್ರೋಗ್ರಾಮ್.

ಇದೇ ಪ್ರಶ್ನೆಯನ್ನು ನಾವು ನಮ್ಮ ಶಾಲೆ, ಕೋಚಿಂಗ್ ಕೇಂದ್ರಗಳಿಗೂ ಕೇಳಬಹುದು. ಗೇಟಿನ ಮುಂದೆ ತೂಗುಹಾಕಿದ ಫಲಕದಲ್ಲಿ ಇಬ್ಬರು ರ‍್ಯಾಂಕ್ ವಿದ್ಯಾರ್ಥಿಗಳ ಭಾವಚಿತ್ರ ಇರುತ್ತದೆ. ನಮ್ಮ ಮಕ್ಕಳಲ್ಲಿ ಬಹುತೇಕರು ಆ ಫಲಕದ ಮೇಲೆ ಬರುವವರಲ್ಲ, ಅದರ ಕೆಳಗೆ ನಡೆದು ಒಳಗೆ ಹೋಗುವವರು. ಅವರಿಗೆ ಅಲ್ಲಿ ಏನು ಕಲಿಸುತ್ತಾರೆ ಎಂದು ತಿಳಿದುಕೊಂಡೇ ಶುಲ್ಕ ಕಟ್ಟಿ.